ಮಾಳಿಗೆ ಮನೆಯೂ ಹಸ್ತದ ಮಳೆಯೂ

ಧಾರವಾಡವನ್ನು ಬಿಟ್ಟು ಮೂಡಣ ದಿಕ್ಕಿಗೆ ಪಯಣಿಸುವವನು ಕೊಂಚ ಕಣ್ಣಿಟ್ಟು ನೋಡಿದನಾದರೆ, ಮಾತಿನ ಧಾಟಿಯೂ ಉಡಿಗೆತೊಡಿಗೆಗಳೂ ಬದಲಾಗುವುದಕ್ಕೆ ಮೊದಲೇ ಮನೆಗಳ ನೆತ್ತಿ ಬದಲಾಗುವುದನ್ನು ಕಾಣುವನು. ಇಳಿಜಾರಾದ ಹಂಚಿನ ಮಾಡುಗಳು ವಿರಳವಾಗುತ್ತ ಆಗುತ್ತ, ನವಲಗುಂದ ರೋಣಗಳ ಎರೆಬಯಲನ್ನು ಮುಟ್ಟುವ ಹೊತ್ತಿಗೆ ಮಣ್ಣಿನ ಮಟ್ಟಸವಾದ ಮಾಳಿಗೆಗಳು ಊರಿಗೆ ಊರನ್ನೇ ಆವರಿಸಿಕೊಂಡು, ದೂರದಿಂದ ನೋಡಿದರೆ ಊರಾವುದು ದಿಬ್ಬವಾವುದು ಎಂದು ಬೇರ್ಪಡಿಸಲಾಗದಂತೆ ನೆಲದ ಬಣ್ಣದಲ್ಲಿಯೇ ನೆಲೆನಿಂತಿರುತ್ತವೆ. ಇರುತ್ತಿದ್ದವು ಎನ್ನುವುದೇ ಈಗ ಹೆಚ್ಚು ಸರಿಯಾದೀತು. ಈ ವ್ಯತ್ಯಾಸಕ್ಕೆ ಕಾರಣ ಮಳೆ. ಖಾನಾಪುರ ತಾಲೂಕಿನ ಕಣಕುಂಬಿಯ ಬಳಿ, ಸಹ್ಯಾದ್ರಿಯ ಎಡೆಬಿಡದ ಧಾರೆಯಲ್ಲಿ ಹುಟ್ಟುವ ಮಲಪ್ರಭೆಯು ಕೆಲವೇ ಹರದಾರಿಗಳ ತರುವಾಯ ವರುಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಾತ್ರ ಮಳೆ ಬೀಳುವ ನಾಡನ್ನು ಪ್ರವೇಶಿಸುತ್ತದೆ. ಅಲ್ಲಿಂದ ಮುಂದೆ ಅದು ಪರಸ್ಥಳದ ಮಳೆಯನ್ನು ಹೊತ್ತು ಬಾಯಾರಿದ ನೆಲದ ನಡುವೆ ಹರಿಯುವ ನದಿ. ತನ್ನ ತಲೆಯ ಮೇಲೆ ಬೀಳದ ನೀರು ತನ್ನ ಕಾಲಬುಡಕ್ಕೆ ಬರುವ ಈ ವಿಚಿತ್ರವಾದ ಸ್ಥಿತಿಯಲ್ಲಿ, ಬಾದಾಮಿ, ಹುನಗುಂದ, ಮುದ್ದೇಬಿಹಾಳ, ಬಾಗೇವಾಡಿಗಳ ರೈತನು ಮನೆ ಕಟ್ಟುವಾಗ ಯಾವ ಭಯವನ್ನು ಮುಂದಿಟ್ಟುಕೊಂಡು ಕಟ್ಟಿದನು, ಯಾವುದನ್ನು ಹಿಂದೆ ಸರಿಸಿದನು ಎಂಬುದೇ ಆ ಸೀಮೆಯ ವಾಸ್ತುವಿನ ಚರಿತ್ರೆ.

ಮುಂದಿಟ್ಟುಕೊಂಡ ಭಯಗಳಲ್ಲಿ ಮೊದಲನೆಯದು ಬಿಸಿಲು. ಚೈತ್ರ ವೈಶಾಖಗಳಲ್ಲಿ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ ಸುಡುವ ಸೂರ್ಯನಿಗೆ ಎದುರಾಗಿ ರೈತನು ಎರಡು ಮೂರು ಅಡಿ ದಪ್ಪದ ಗೋಡೆಯನ್ನೂ ಒಂದು ಅಡಿಗೆ ಮಿಕ್ಕ ಮಣ್ಣಿನ ಮಾಳಿಗೆಯನ್ನೂ ನಿಲ್ಲಿಸಿದನು. ಎರಡನೆಯದು ಬೆಂಕಿ; ಹುಲ್ಲು ಹೊದಿಸಿದ ಗುಡಿಸಲುಗಳ ಕೇರಿಯಲ್ಲಿ ಒಂದು ಕಿಡಿ ಹಾರಿದರೆ ಊರೇ ಬೂದಿಯಾಗುತ್ತಿದ್ದುದನ್ನು ಕಂಡವರಿಗೆ ಮಣ್ಣಿನ ಮಾಳಿಗೆಯು ಎಂಥ ನೆಮ್ಮದಿಯೆಂಬುದನ್ನು ವಿವರಿಸಬೇಕಾಗಿರಲಿಲ್ಲ. ಮೂರನೆಯದು ಮನುಷ್ಯನ ಭಯ. ಪೆಂಢಾರಿಗಳ ಕುದುರೆಗಳು 1818ರ ವರೆಗೂ ಈ ಬಯಲನ್ನು ತುಳಿದವು. ಅದಕ್ಕೂ ಹಿಂದಿನ ಶತಮಾನದ ದಂಡುಗಳು ಬಂದುಹೋದ ಲೆಕ್ಕವನ್ನು ಇಟ್ಟವರಾರು? ಆದ ಕಾರಣ ಊರಿಗೆ ಸುತ್ತುಗೋಡೆ, ಅಗಸೆ ಬಾಗಿಲು, ನಡುವೆ ಎತ್ತರವಾದ ಕಾವಲು ಹುಡೆ. ಒಳಗೆ ಮನೆಗೆ ಮನೆ ಅಂಟಿಕೊಂಡು, ಇಬ್ಬರಿಗೆ ಒಂದೇ ನಡುಗೋಡೆ. ಹೊರಗೋಡೆಗೆ ಕಿಟಕಿಯಿಲ್ಲ. ಬೆಳಕು ಬೇಕಾದರೆ ಮಾಳಿಗೆಯಲ್ಲಿಯೇ ಒಂದು ಬೆಳಕಿಂಡಿ. ಹೊಗೆಗೂ ಅದೇ ದಾರಿ. ಹಗೆಯು ಅಗಸೆಯನ್ನು ಮುರಿದು ಓಣಿಗೆ ನುಗ್ಗಿದಾಗ ಹೆಂಗಸರು ಮಕ್ಕಳು ಮಾಳಿಗೆಯಿಂದ ಮಾಳಿಗೆಗೆ ದಾಟಿ ಹುಡೆಯ ಕಡೆಗೆ ಸಾಗಬಹುದಾಗಿತ್ತು. ಕಾಲ ಶಾಂತವಾದ ಮೇಲೆ ಅದೇ ಹಾದಿಯಲ್ಲಿ ನೆರೆಹೊರೆಯ ಹೆಂಗಸರು ಹಪ್ಪಳ ಸಂಡಿಗೆಗಳನ್ನು ಒಣಹಾಕುತ್ತ, ಸಾಲ ತಂದ ಬೆಲ್ಲವನ್ನು ಹಿಂದಿರುಗಿಸುತ್ತ ಸಂಚರಿಸಿದರು.

ಇಷ್ಟು ಭಯಗಳನ್ನು ಗೆದ್ದ ಮನೆಯು ನೀರಿನ ಭಯವನ್ನು ಮಾತ್ರ ಗೆಲ್ಲಲಿಲ್ಲ. ಅದರೊಡನೆ ಒಂದು ಒಡಂಬಡಿಕೆ ಮಾಡಿಕೊಂಡಿತು. ಆ ಒಡಂಬಡಿಕೆಯ ಸ್ವರೂಪವನ್ನು ತಿಳಿಯಲು ಮಾಳಿಗೆಯನ್ನು ಪದರು ಪದರಾಗಿ ಬಿಚ್ಚಿ ನೋಡಬೇಕು.

ಕಂಬಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಅಡ್ಡಲಾಗಿ ಒತ್ತಾದ ಜಂತಿಗಳು; ಜಂತಿಗಳ ಮೇಲೆ ಸೀಳಿದ ಕಟ್ಟಿಗೆಯ ಚಕ್ಕೆಗಳನ್ನು ಸಂದಿಲ್ಲದಂತೆ ಹೊಂದಿಸಿ, ಅದರ ಮೇಲೆ ಗೆದ್ದಲು ಹತ್ತದಿರಲೆಂದು ಬೇವಿನ ತಪ್ಪಲನ್ನೋ ಲಕ್ಕಿಯ ತಪ್ಪಲನ್ನೋ ದಪ್ಪನಾಗಿ ಹಾಸಿ, ಹೊಟ್ಟು ಬೆರೆಸಿ ತುಳಿದು ಕೊಳೆಯಿಸಿದ ಅರಲನ್ನು ಬಡಿದು, ಅದು ಅರೆಯೊಣಗಿದ ಮೇಲೆ ಕಟ್ಟಕಡೆಗೆ ಕರಲು ಮಣ್ಣನ್ನು ಹರಡುತ್ತಿದ್ದರು. ಈ ಮಣ್ಣಿನ ಹೊದಿಕೆಗೆ ಮೇಲ್ಮುದ್ದೆಯೆಂದು ಹೆಸರು. ಕರಲು ಎಂದರೆ ಬೆಳೆ ಬಾರದ, ಬೇಸಗೆಯಲ್ಲಿ ಮೈಮೇಲೆ ಬಿಳಿಯ ಹುಡಿ ಏಳುವ ಸವಳು ನೆಲದ ಮಣ್ಣು. ಹೊಲದಲ್ಲಿ ರೈತನಿಗೆ ಶಾಪವಾದ ಆ ಮಣ್ಣು ಮಾಳಿಗೆಯ ಮೇಲೆ ವರವಾಗುತ್ತಿತ್ತು. ಅದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ, ಮೊದಲ ಹನಿ ಬಿದ್ದೊಡನೆ ಮಣ್ಣಿನ ಅತಿಸೂಕ್ಷ್ಮ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಕೆಳಗಿನ ರಂಧ್ರಗಳಿಗೆ ಇಳಿದು ಅವುಗಳನ್ನು ಮುಚ್ಚಿಬಿಡುತ್ತವೆ. ಬಳಿಕ ಬಂದ ನೀರು ಒಳಗಿಳಿಯಲಾರದೆ ಮೇಲೆಯೇ ಹರಿದು, ಕುಂಬಿಯ ಬುಡದಲ್ಲಿ ಇಟ್ಟ ದೋಣಿಯಿಂದ ಓಣಿಗೆ ಬೀಳುತ್ತದೆ. ನೆಲದ ರಸಾಯನಶಾಸ್ತ್ರವು ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುವುದಕ್ಕೆ ಎಷ್ಟೋ ಮುಂಚೆ ಈ ಗುಣವನ್ನು ಕಂಡುಕೊಂಡವರ ಹೆಸರು ನಮಗೆ ಉಳಿದಿಲ್ಲವಾದರೂ, ಸವಳು ಮಣ್ಣಿನ ಸ್ವಭಾವವನ್ನು ಕುಲಕಸುಬಾಗಿ ಬಲ್ಲವರು ಯಾರೆಂಬುದನ್ನು ಮಾತ್ರ ಹೇಳಬಹುದು. ಅವರು ಉಪ್ಪಾರರು. ಆ ಮಣ್ಣನ್ನು ತೊಳೆದು ಬತ್ತಿಸಿ ಉಪ್ಪು ತೆಗೆದು ಬದುಕಿದವರು. ಆಂಗ್ಲ ಸರಕಾರವು ಉಪ್ಪಿಗೆ ತೆರಿಗೆಯನ್ನು ಹೇರಿ ಮಣ್ಣುಪ್ಪಿನ ಬಟ್ಟಿಗಳನ್ನು ಅಡಗಿಸಿದ ಮೇಲೆ, ಅದೇ ಕೈಗಳು ಗೋಡೆ ಕಟ್ಟುವ, ಮಣ್ಣು ಹೊರುವ, ಮಾಳಿಗೆ ಹಾಕುವ ಕೆಲಸಕ್ಕೆ ಹೆಚ್ಚು ಹೆಚ್ಚಾಗಿ ಇಳಿದವು. ರಾಜ್ಯದ ಉಪ್ಪಿನ ನೀತಿಯೊಂದು ಹಳ್ಳಿಯ ಗೋಡೆ ಮಾಳಿಗೆಗಳಿಗೆ ಕೆಲಸಗಾರರನ್ನು ಒದಗಿಸಿದ ಈ ಸಂಗತಿಯನ್ನು ಅರ್ಥಶಾಸ್ತ್ರಜ್ಞರು ಗಮನಿಸಿದಂತೆ ತೋರುವುದಿಲ್ಲ.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಇದೇ ಮಲಪ್ರಭೆಯ ತೀರದ ಐಹೊಳೆಯಲ್ಲಿ ಲಾಡಖಾನ ಗುಡಿಯೆಂಬ ಚಾಲುಕ್ಯರ ಕಾಲದ ದೇವಾಲಯವೊಂದುಂಟು. ಅದರಲ್ಲಿ ಒಂದು ಕಾಲಕ್ಕೆ ಸಂಸಾರ ಹೂಡಿದ್ದ ಮುಸಲ್ಮಾನ ಗೃಹಸ್ಥನ ಹೆಸರೇ ಅದಕ್ಕೆ ನಿಂತಿತು. ಅದರ ಮೇಲ್ಛಾವಣಿಯು ಇಳಿಜಾರಾದ ಕಲ್ಲುಚಪ್ಪಡಿಗಳದು. ಚಪ್ಪಡಿಗಳು ಕೂಡುವ ಸಂದುಗಳ ಮೇಲೆ ಮಳೆನೀರು ಒಳಗೆ ಸೋರದಂತೆ ಉದ್ದುದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂಡಿಸಿದ್ದಾರೆ. ಮರದ ಕಟ್ಟಡದ ರೀತಿಯನ್ನು ಶಿಲ್ಪಿಯು ಕಲ್ಲಿನಲ್ಲಿ ಅನುಕರಿಸಿದನೆಂದು ಬಲ್ಲವರು ಹೇಳುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ತೋರುವುದಿಷ್ಟು: ಮಳೆಯನ್ನು ಜಾರಿಸಿಬಿಡುವ ವಿದ್ಯೆಯು ಈ ಸೀಮೆಗೆ ತಿಳಿಯದುದೇನಲ್ಲ. ತಿಳಿದೂ, ದೇವರಿಗೆ ಇಳಿಜಾರನ್ನು ಕೊಟ್ಟು ತನಗೆ ಮಟ್ಟಸವಾದ ಮಾಳಿಗೆಯನ್ನು ರೈತನು ಆರಿಸಿಕೊಂಡನಾದರೆ, ಅವನ ಲೆಕ್ಕದಲ್ಲಿ ವರುಷಕ್ಕೆ ಹತ್ತೆಂಟು ಸಲ ಬರುವ ದೊಡ್ಡ ಮಳೆಗಿಂತ ನೂರಾರು ದಿನ ಕಾಯುವ ಬಿಸಿಲೇ ದೊಡ್ಡದಾಗಿತ್ತು.

ಒಡಂಬಡಿಕೆಗೆ ವಾರ್ಷಿಕವಾದ ಕಾಣಿಕೆಯೊಂದಿತ್ತು. ಬೇಸಗೆಯ ಬಿಸಿಲಿಗೆ ಮೇಲ್ಮುದ್ದೆ ಸೀಳುಬಿಡುತ್ತದೆ. ಇಲಿ ಹೆಗ್ಗಣಗಳು ತೋಡುತ್ತವೆ. ಗಾಳಿ ಬಿತ್ತಿದ ಹುಲ್ಲಿನ ಬೇರು ಒಳಗಿಳಿಯುತ್ತದೆ. ಆದುದರಿಂದ ರೋಹಿಣಿಯ ಮಳೆ ಬರುವ ಮುನ್ನವೇ ಬಂಡಿಗಟ್ಟಲೆ ಕರಲನ್ನು ತಂದು, ಹುಲ್ಲು ಕಿತ್ತು, ಸೀಳುಗಳನ್ನು ತುಂಬಿ, ಹೊಸ ಮಣ್ಣು ಹರಡಿ ತುಳಿಯಬೇಕಾಗಿತ್ತು. ಇದು ಒಬ್ಬನ ಕೆಲಸವಲ್ಲ. ಇಂದು ನನ್ನ ಮಾಳಿಗೆಗೆ ನೀವು, ನಾಳೆ ನಿಮ್ಮ ಮಾಳಿಗೆಗೆ ನಾನು ಎಂಬ ಮುಯ್ಯಾಳಿನ ಕೆಲಸ. ಓಣಿಯೊಂದರ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದುದರಿಂದ ನೆರೆಯವನ ಸೋಮಾರಿತನವು ತನ್ನ ನಡುಗೋಡೆಗೆ ನೀರಾಗಿ ಇಳಿಯುವುದೆಂಬ ಅರಿವೂ ಪ್ರತಿಯೊಬ್ಬನಿಗೂ ಇತ್ತು. ಪರೋಪಕಾರ ಬುದ್ಧಿಗಿಂತ ಈ ಅರಿವೇ ಬಹುಶಃ ಮುಯ್ಯಾಳನ್ನು ನಡೆಯಿಸಿತೆಂದರೆ ಹಿರಿಯರಿಗೆ ಅಪಚಾರ ಮಾಡಿದಂತಾಗದು. ಮಳೆ ಹಿಡಿದಾಗ ನಡುರಾತ್ರಿಯಲ್ಲಾದರೂ ಮೇಲೆ ಹತ್ತಿ ಬೆಳಕಿಂಡಿಯನ್ನು ಮುಚ್ಚಿ, ಎಲ್ಲಿ ಸೋರುತ್ತದೆಯೋ ಅಲ್ಲಿಗೆ ಒಂದು ಪುಟ್ಟಿ ಮಣ್ಣು ಸುರಿದು ತುಳಿಯುವುದು ಮನೆಯ ಗಂಡಾಳಿನ ಧರ್ಮ.

ಆದರೆ ಹೀಗೆ ವರುಷ ವರುಷವೂ ಮಣ್ಣು ಏರಿಸುವುದರಲ್ಲಿಯೇ ಅಪಾಯವೂ ಏರುತ್ತಿತ್ತು. ಹಳೆಯದನ್ನು ಕೆರೆದು ಹೊಸದನ್ನು ಹಾಕುವ ವಿವೇಕಿಗಳು ಕೆಲವರು. ಹಳೆಯದರ ಮೇಲೆಯೇ ಹೊಸದನ್ನು ಸುರಿಯುವವರು ಹಲವರು. ಒಂದು ಅಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ನಾಲ್ಕೈದು ಕ್ವಿಂಟಲು ಭಾರ. ನೀರು ಕುಡಿದರೆ ಇನ್ನೂ ಹೆಚ್ಚು. ಈ ಭಾರವನ್ನು ಹೊರುವವರಾರು ಎಂಬ ಪ್ರಶ್ನೆಯಲ್ಲಿಯೇ, ನನ್ನ ಅಭಿಪ್ರಾಯದಲ್ಲಿ, ಈ ಮನೆಗಳ ಕ್ಷೇಮ ಕ್ಷಯಗಳ ಗುಟ್ಟೆಲ್ಲ ಅಡಗಿದೆ.

ಉಳ್ಳವರ ಮನೆಯಲ್ಲಿ ಭಾರವನ್ನು ಹೊತ್ತುದು ಕಂಬ. ನಾಲ್ಕು ಕಂಬಗಳ ನಡುವಣ ಅವಕಾಶಕ್ಕೆ ಅಂಕಣವೆಂದು ಹೆಸರು. ಮನೆಯ ದೊಡ್ಡಸ್ತಿಕೆಯನ್ನು ಅಂಕಣಗಳ ಲೆಕ್ಕದಿಂದಲೇ ಅಳೆಯುತ್ತಿದ್ದರು. ಹಳಿಯಾಳ ದಾಂಡೇಲಿಗಳ ಕಾಡಿನಿಂದ ಬಂಡಿಯ ಮೇಲೆ ಬಂದ ಸಾಗವಾನಿಯ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತು, ತೊಲೆ ಜಂತಿಗಳನ್ನೂ ಮೇಲ್ಮುದ್ದೆಯನ್ನೂ ತಾವೇ ಎತ್ತಿ ಹಿಡಿದಿರುತ್ತಿದ್ದವು. ಗೋಡೆಯು ಸುತ್ತಲೂ ಮರೆಗೆಂದು ಕಟ್ಟಿದ ಹೊದಿಕೆ ಮಾತ್ರ. ನೀರಿಗೆ ನೆನೆದು ಗೋಡೆ ಬಿದ್ದರೂ ಅದು ಬಹುಮಟ್ಟಿಗೆ ಹೊರಗೆ ಬೀಳುತ್ತಿತ್ತು, ಮಾಳಿಗೆ ನಿಂತಿರುತ್ತಿತ್ತು, ಒಳಗೆ ಮಲಗಿದ್ದವರು ಎದ್ದು ಕುಳಿತು ದೇವರ ಹೆಸರು ಹೇಳುತ್ತಿದ್ದರು. ಇಲ್ಲದವರ ಮನೆಯಲ್ಲಿ ಕಂಬವೆಲ್ಲಿಯದು? ಜಾಲಿಯದೋ ಬೇವಿನದೋ ಸೊಟ್ಟ ತೊಲೆಗಳನ್ನು ನೇರವಾಗಿ ಮಣ್ಣುಗೋಡೆಯ ಮೇಲೆಯೇ ಇರಿಸುತ್ತಿದ್ದರು. ಅಲ್ಲಿ ಗೋಡೆ ಹೋದರೆ ಎಲ್ಲವೂ ಹೋಯಿತು. ಕಾಡಿನ ಮರ ಪುಕ್ಕಟೆಯಾಗಿಯೋ ಅಗ್ಗವಾಗಿಯೋ ದೊರೆಯುತ್ತಿದ್ದ ಕಾಲದಲ್ಲಿ ಈ ಭೇದ ಅಷ್ಟು ತೀಕ್ಷ್ಣವಾಗಿರಲಾರದು. 1878ರ ಅರಣ್ಯ ಕಾಯಿದೆಯ ತರುವಾಯ ಕಾಡುಗಳು ಕಾಯ್ದಿಟ್ಟ ಕಾಡುಗಳಾಗಿ, ಸಾಗವಾನಿಯು ಸರಕಾರದ ಸೊತ್ತಾಗಿ, ಬಯಲುಸೀಮೆಯ ಬಡವನಿಗೆ ಕಂಬವು ನಿಲುಕದ ವಸ್ತುವಾಯಿತು.

ಭಾರವನ್ನು ಕಂಬ ಹೊತ್ತರೆ ಮಾಳಿಗೆ ಉಳಿಯುವುದೆಂಬುದು ಊಹೆಯ ಮಾತಲ್ಲವೆಂಬುದಕ್ಕೆ ನೆರೆಯ ನಾಡಿನಿಂದ ಒಂದು ದಾರುಣವಾದ ಸಾಕ್ಷ್ಯವಿದೆ. 1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಮ್ಮ ಬೀದರ ಕಲಬುರ್ಗಿಗಳ ಗಡಿಗೆ ದೂರವಲ್ಲದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಮಡಿದವರು ಸುಮಾರು ಎಂಟರಿಂದ ಹತ್ತು ಸಾವಿರ ಜನ. ಅಲ್ಲಿಯ ಮನೆಗಳೂ ಇದೇ ವಂಶದವು: ಅರಲಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಭಾರ. ಪರಿಶೀಲಿಸಲು ಹೋದ ಎಂಜಿನಿಯರುಗಳು ಕಂಡುದೇನೆಂದರೆ, ಮರದ ಕಂಬಗಳ ಮೇಲೆ ಛಾವಣಿ ನಿಂತಿದ್ದ ಮನೆಗಳಲ್ಲಿ ಗೋಡೆಗಳು ಕಳಚಿ ಬಿದ್ದರೂ ಛಾವಣಿ ಉಳಿದುಕೊಂಡ ನಿದರ್ಶನಗಳು ಹಲವಿದ್ದವು. ಭೂಕಂಪವು ಹವೆಗೆ ಸಂಬಂಧಿಸಿದ ವಿಪತ್ತಲ್ಲ, ನಿಜ. ಆದರೆ ಗೋಡೆಯನ್ನು ಕೆಡಹುವುದು ನೆಲದ ನಡುಕವೋ ಮಳೆಯ ನೆನೆತವೋ ಎಂಬುದನ್ನು ಮೇಲಿರುವ ಮಣ್ಣು ವಿಚಾರಿಸುವುದಿಲ್ಲ.

ಮನೆಯನ್ನು ಬಿಟ್ಟು ಊರಿನ ನೆಲೆಯ ಕಡೆಗೆ ತಿರುಗೋಣ. ಹಳೆಯ ಊರುಗಳು ಬಹುತೇಕ ದಿಬ್ಬದ ಮೇಲಿರುವುವು. ಪ್ರಕೃತಿಯ ದಿಬ್ಬ ಕೆಲವೆಡೆ. ಅನೇಕ ಕಡೆಗಳಲ್ಲಿ ಊರೇ ತನಗೆ ತಾನು ಮಾಡಿಕೊಂಡ ದಿಬ್ಬ. ಬಿದ್ದ ಮನೆಯ ಮಣ್ಣನ್ನು ಹೊರಗೆ ಸಾಗಿಸದೆ ಅದರ ಮೇಲೆಯೇ ಹೊಸ ಮನೆಯನ್ನು ಎತ್ತುತ್ತ, ನೂರಾರು ವರುಷಗಳಲ್ಲಿ ಊರು ಸುತ್ತಲಿನ ಹೊಲಕ್ಕಿಂತ ಒಂದಾಳು ಎರಡಾಳು ಎತ್ತರಕ್ಕೆ ಏರಿತು. ಹೊಳೆಯ ನೀರು ಬೇಕು, ಹೊಳೆಯ ಪೂರ ಬೇಡ ಎಂಬವರಿಗೆ ಇದಕ್ಕಿಂತ ಬೇರೆ ಉಪಾಯವಿರಲಿಲ್ಲ. ಎರೆಯ ನೆಲವು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಎತ್ತಿನ ಕಾಲು ಸಿಕ್ಕುವಷ್ಟು ಬಿರಿಯುವ ಜಾತಿಯದಾದ್ದರಿಂದ, ಅದರ ಮೇಲೆ ನೇರವಾಗಿ ಪಾಯ ಹಾಕುವ ತಪ್ಪನ್ನೂ ಅವರು ಮಾಡುತ್ತಿರಲಿಲ್ಲ. ಗರಸು ತಾಗುವ ವರೆಗೆ ಅಗೆಯುತ್ತಿದ್ದರು, ಇಲ್ಲವೆ ಹಳೆಯೂರಿನ ಗಟ್ಟಿಯಾದ ಮಣ್ಣಿನ ಮೇಲೆಯೇ ನಿಲ್ಲುತ್ತಿದ್ದರು. ಆದರೆ ದಿಬ್ಬದ ನೆತ್ತಿ ಎಲ್ಲರ ಪಾಲಿಗೂ ಬರಲಿಲ್ಲ. ಗೌಡ ಕುಲಕರ್ಣಿಗಳ ವಾಡೆಯೂ ಗುಡಿಯೂ ಮಠವೂ ಮೇಲೆ. ಇಳಿಜಾರಿನಲ್ಲಿ ಒಕ್ಕಲಿಗರ ಓಣಿಗಳು. ಅಗಸೆಯ ಹೊರಗೆ, ಹಳ್ಳದ ಮಗ್ಗುಲಿಗೆ, ಅಸ್ಪೃಶ್ಯರೆನಿಸಿಕೊಂಡವರ ಕೇರಿ. ಬೆಣ್ಣಿಹಳ್ಳವೋ ಡೋಣಿ ನದಿಯೋ ಉಕ್ಕಿದಾಗ ನೀರು ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬುದನ್ನು ಜಾತಿಯು ಮೊದಲೇ ಗೊತ್ತುಮಾಡಿಟ್ಟಿತ್ತು. 1840ರ ದಶಕದಲ್ಲಿ ವಿಂಗೇಟ್ ಮೊದಲಾದ ಆಂಗ್ಲ ಅಧಿಕಾರಿಗಳು ನಡೆಸಿದ ಭೂಮಾಪನವು ಹೊಲದ ಗಡಿಯನ್ನು ಕಂಡರಿಸಿದಂತೆ ಊರ ಗಾವಠಾಣದ, ಎಂದರೆ ಮನೆ ಕಟ್ಟುವ ನೆಲದ, ಗಡಿಯನ್ನೂ ಕಾಗದದಲ್ಲಿ ಕಟ್ಟಿಹಾಕಿತು. ಜನ ಹೆಚ್ಚಿದರೂ ಮೇಲಿನ ನೆಲ ಹೆಚ್ಚಲಿಲ್ಲ, ಬೆಳೆದ ಸಂಸಾರಗಳು ಕೆಳಗೆ, ಇನ್ನೂ ಕೆಳಗೆ ಇಳಿದವು.

ಊರ ದಿಬ್ಬದ ಒಡಲಿನಲ್ಲಿಯೇ ಅಡಗಿದ್ದ ಇನ್ನೊಂದು ವ್ಯವಸ್ಥೆಯನ್ನು ಹೇಳದಿದ್ದರೆ ಈ ವೃತ್ತಾಂತ ಅರ್ಧವಾಗುವುದು. ಅದು ಹಗೇವು. ಮನೆಯ ಮುಂದೆಯೋ ಓಣಿಯ ನಡುವೆಯೋ, ನೀರು ನಿಲ್ಲದ ಎತ್ತರದ ಎಡೆಯನ್ನು ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಹಿರಿದಾಗಿ ಭೂಮಿಯಲ್ಲಿ ತೋಡಿದ ಕಣಜ. ಸುತ್ತ ಒಣಹುಲ್ಲನ್ನು ದಪ್ಪನಾಗಿ ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ ಗಾಳಿಯಾಡದ ಆ ಕತ್ತಲೆಯಲ್ಲಿ ಕಾಳು ವರುಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆದಾಗ ಒಳಗಿನ ವಿಷವಾಯುವಿಗೆ ಹೆದರಿ ಕೂಡಲೆ ಇಳಿಯದೆ, ದೀಪವನ್ನು ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದನು. ಪ್ರಳಯವಾದರೂ ಬರವಾದರೂ ಊರು ಉಣ್ಣುವುದಕ್ಕೆ ಅದೇ ಆಧಾರ. ಬಡವನಿಗೆ ಸ್ವಂತ ಹಗೇವು ಇರದಿದ್ದರೂ, ಉಳ್ಳವನ ಹಗೇವು ಊರೊಳಗೇ ಇದ್ದುದರಿಂದ, ಬೇಡಲು ಬಾಗಿಲಾದರೂ ಇತ್ತು. ರೈಲು ಬಂದು, ಪೇಟೆಯ ಧಾರಣೆಯು ಹಳ್ಳಿಯ ಕಾಳನ್ನು ಸೆಳೆಯತೊಡಗಿದ ಮೇಲೆ ಹಗೇವುಗಳು ಬರಿದಾಗುತ್ತ ಬಂದವು.

1876ರಿಂದ 78ರ ವರೆಗಿನ ದೊಡ್ಡ ಬರವು ಈ ಮನೆಗಳಿಗೆ ಮಾಡಿದ ಗಾಯವು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಆಗಿನ ಕಲಾದಗಿ ಜಿಲ್ಲೆಯಲ್ಲಿ, ಎಂದರೆ ಈಗಿನ ವಿಜಯಪುರ ಬಾಗಲಕೋಟೆಗಳ ಸೀಮೆಯಲ್ಲಿ, 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಕಡಿಮೆಯಾದರು. ಸತ್ತವರು ಸತ್ತರು, ದೇಶಾಂತರ ಹೋದವರು ಹೋದರು. ಉಳಿದವರು ಹೊಟ್ಟೆಗಾಗಿ ಮಾರಬಹುದಾದುದನ್ನೆಲ್ಲ ಮಾರಿದರು. ಎತ್ತು, ಪಾತ್ರೆ, ಒಡವೆಗಳಾದ ಮೇಲೆ ಮನೆಯಲ್ಲಿ ಬೆಲೆ ಬಾಳುವ ವಸ್ತುವೆಂದರೆ ಮರವೊಂದೇ: ಕದ, ತೊಲೆ, ಕಂಬ. ಮರ ಕಳಚಿದ ಮನೆ ಒಂದು ಮಳೆಗಾಲದಲ್ಲಿ ಮಣ್ಣಾಗುವುದು. ಬರಗಾಲವು ಮನೆಯ ಕಂಬವನ್ನು ಕಿತ್ತುಕೊಂಡುದರ ಫಲವನ್ನು ಮುಂದಿನ ತಲೆಮಾರು ಮಳೆಗಾಲದಲ್ಲಿ ಉಣ್ಣಬೇಕಾಯಿತು. ಒಣಬರ ಹಸಿಬರಗಳೆರಡನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟು ನೋಡುವ ಸರಕಾರಿ ಪದ್ಧತಿಗೆ ಈ ಸಂಬಂಧವು ಹೊಳೆಯುವುದು ಕಷ್ಟ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನದಿಗಳಿಗೆ ಒಡ್ಡು ಬಿದ್ದುವು. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಕೃಷ್ಣೆಯ ಆಣೆಕಟ್ಟೆಗೆ ಅಡಿಗಲ್ಲಿಟ್ಟರು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟೆಯು ಎಪ್ಪತ್ತರ ದಶಕದ ಆರಂಭದಲ್ಲಿ ಎದ್ದಿತು. ಕೃಷ್ಣೆಯ ಕಟ್ಟೆಯು ಹಳೆಯ ಬಾಗಲಕೋಟೆಯ ಒಂದು ಭಾಗವನ್ನೂ ನೂರಕ್ಕೂ ಮಿಕ್ಕ ಹಳ್ಳಿಗಳನ್ನೂ ಮುಳುಗಿಸಿ, ದಿಬ್ಬದ ಮೇಲಿನ ಊರನ್ನು ಬಯಲಿನ ನಕ್ಷೆಯೂರನ್ನಾಗಿ ಮಾಡುವ ಪಾಠವನ್ನು ಕಲಿಸಿತು. ಮಲಪ್ರಭೆಯ ಕಟ್ಟೆಯು ಮಾಡಿದ ಕೆಲಸ ಇನ್ನೂ ಸೂಕ್ಷ್ಮವಾದುದು. ವರುಷ ವರುಷ ಬರುತ್ತಿದ್ದ ಸಣ್ಣಪುಟ್ಟ ಪೂರಗಳನ್ನು ಅದು ತಡೆಯಿತು. ಕೆಳಗಿನ ಪಾತ್ರವು ಬಹುಕಾಲ ಒಣಗಿ ಬಿದ್ದುದನ್ನು ಕಂಡ ಜನ ದಡವನ್ನು ಒತ್ತಿ ಜೋಳ ಕಬ್ಬುಗಳನ್ನು ಹಚ್ಚಿದರು. ನದಿಯು ಹಳ್ಳದಷ್ಟಾಯಿತು, ಹಳ್ಳವು ಕಾಲುವೆಯಷ್ಟಾಯಿತು. ಪೂರವನ್ನು ಕಾಣದೆ ಬೆಳೆದ ತಲೆಮಾರಿಗೆ ಹಳೆಯೂರಿನ ಹಿರಿಯರು ಯಾವ ನೆಲದ ಮೇಲೆ ಮನೆ ಕಟ್ಟಬಾರದೆಂದು ಬೆರಳು ತೋರಿಸುತ್ತಿದ್ದರೋ ಆ ಬೆರಳಿನ ಅರ್ಥ ತಿಳಿಯದೆ ಹೋಯಿತು.

ಇದೇ ಕಾಲಕ್ಕೆ ಗುಳೆಯು ಹೆಚ್ಚಿತು. ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದವರು ಅಲ್ಲಿ ಪರರಿಗೆ ಕಾಂಕ್ರೀಟಿನ ಮನೆ ಕಟ್ಟುತ್ತಿರುವಾಗ ಇಲ್ಲಿ ಅವರ ಮಾಳಿಗೆಯನ್ನು ತುಳಿಯುವವರಿರಲಿಲ್ಲ. ಮನೆಯಲ್ಲಿ ಮುದುಕರು, ಮಕ್ಕಳು. ಮುಯ್ಯಾಳಿನ ಬದಲು ಕೂಲಿಯಾಳು ಬಂದನು, ಕೂಲಿ ಏರಿತು, ಮಾಳಿಗೆಗೆ ಮಣ್ಣು ಹಾಕುವುದು ಎರಡು ವರುಷಕ್ಕೊಮ್ಮೆ, ಐದು ವರುಷಕ್ಕೊಮ್ಮೆ, ಕಡೆಗೆ ಸೋರಿದಾಗ ಪ್ಲಾಸ್ಟಿಕ್ಕಿನ ತಾಡಪಾಲು ಹೊದಿಸುವಲ್ಲಿಗೆ ಮುಗಿಯಿತು. ದೇವರಾಜ ಅರಸರ ಕಾಲದ ಜನತಾ ಮನೆಗಳೂ ಆಮೇಲಿನ ಆಶ್ರಯ ಮನೆಗಳೂ ಅನೇಕರಿಗೆ ಸೂರು ಕೊಟ್ಟವೆಂಬುದನ್ನು ಮರೆಯಲಾಗದು. ಆದರೆ ಇದ್ದ ಮಣ್ಣಿನ ಮನೆಯನ್ನು ಭದ್ರಪಡಿಸಿಕೊಳ್ಳಲು, ಒಂದು ಕಂಬ ಕೊಳ್ಳಲು ಯಾವ ಯೋಜನೆಯೂ ಹಣ ಕೊಟ್ಟುದನ್ನು ನಾನರಿಯೆ.

2009ರ ಸೆಪ್ಟೆಂಬರಿನ ಕಡೆಯ ದಿನಗಳಲ್ಲಿ ಹಸ್ತದ ಮಳೆ ಹೂಡಿತು. ಅಲ್ಲಿಯ ವರೆಗೆ ಮಳೆ ಸಾಲದೆಂದು ಆಕಾಶ ನೋಡುತ್ತಿದ್ದವರು ಮೊದಲ ದಿನ ಸಂತೋಷಪಟ್ಟರು. ಬಂಗಾಳಕೊಲ್ಲಿಯ ವಾಯುಭಾರ ಕುಸಿತವು ಮೂಡಣದಿಂದ ತಂದ ಈ ಮಳೆಯು ಸಹ್ಯಾದ್ರಿಯ ಮೇಲಲ್ಲ, ಬಾದಾಮಿ ಹುನಗುಂದ ವಿಜಯಪುರ ರಾಯಚೂರುಗಳ ಒಣನೆಲದ ಮೇಲೆಯೇ ಹಗಲಿರುಳು ಸುರಿಯಿತು. 2005ರ ಪೂರವೂ ಮುಂದೆ 2019ರ ಪೂರವೂ ಪಡುವಣ ಬೆಟ್ಟದಿಂದ ನದಿಯ ಮೂಲಕ ಬಂದ ಪೂರಗಳು. ಅವು ಬರುವ ಸುದ್ದಿ ಒಂದೆರಡು ದಿನ ಮೊದಲೇ ತಿಳಿಯುತ್ತದೆ, ನೀರು ಕೆಳಗಿನಿಂದ ಏರುತ್ತದೆ, ದಿಬ್ಬವು ಕಾಯುತ್ತದೆ. ಹಸ್ತದ ಈ ಮಳೆಯಾದರೋ ಮೇಲಿನಿಂದ ಬಂದುದು. ದಿಬ್ಬದ ನೆತ್ತಿಯ ವಾಡೆಗೂ ತಗ್ಗಿನ ಗುಡಿಸಲಿಗೂ ಒಂದೇ ಸಮನಾಗಿ ಬಿದ್ದುದು. ಮೇಲ್ಮುದ್ದೆಯು ಒಂದು ದಿನ ತಡೆಯಿತು, ಎರಡು ದಿನ ತಡೆಯಿತು. ಬಳಿಕ ಸೀಳುಗಳಿಂದ ನೀರು ಗೋಡೆಯ ನೆತ್ತಿಗೆ ಇಳಿಯಿತು. ಈ ಗೋಡೆಗಳು ಹೊರಮೈ ಒಳಮೈ ಎರಡನ್ನೂ ಕಲ್ಲಿನಿಂದ ಎತ್ತಿ ನಡುವೆ ಚೂರುಗಲ್ಲು ಮಣ್ಣು ತುಂಬಿದವು. ಎರ‍ಡೂ ಮೈಗಳನ್ನು ಹಿಡಿದು ಬಿಗಿಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡುವ ಹಳೆಯ ಕ್ರಮವನ್ನು ಇತ್ತೀಚಿನ ಅವಸರದ ಕಟ್ಟಡಗಳು ಬಿಟ್ಟುಬಿಟ್ಟಿದ್ದವು. ನಡುವಿನ ಮಣ್ಣು ನೆನೆದು ಗೋಡೆ ಹೊಟ್ಟೆ ಬಿಟ್ಟಿತು, ರಾತ್ರಿಯಲ್ಲಿ ಬಾಯಿ ಬಿಟ್ಟಿತು. ಇನ್ನೂರಕ್ಕೂ ಹೆಚ್ಚು ಜನ ಆ ಕೆಲವು ದಿನಗಳಲ್ಲಿ ರಾಜ್ಯದಲ್ಲಿ ಸತ್ತರು. ಅವರಲ್ಲಿ ಬಹಳ ಮಂದಿ ಹೊಳೆಯಲ್ಲಿ ಕೊಚ್ಚಿಹೋದವರಲ್ಲ, ತಮ್ಮ ಗೋಡೆಯ ಕೆಳಗೆ ಸಿಕ್ಕಿದವರು. ಬಿದ್ದ ಮನೆಗಳ ಸಂಖ್ಯೆ ಲಕ್ಷಗಳಲ್ಲಿ. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿದ್ದಳು.

ಜನ ಓಡಿದ್ದು ಗುಡಿಗಳಿಗೆ, ಮಠಗಳಿಗೆ, ಶಾಲೆಗಳಿಗೆ. ಮಠಗಳ ದಾಸೋಹದ ಒಲೆಗಳು ಆರಲಿಲ್ಲ. ಸರಕಾರ ಗಂಜಿ ಕೇಂದ್ರಗಳನ್ನು ತೆರೆಯಿತು. ಹೊಳೆಯ ಆಚೆಯ ಊರಿನವರು ರೊಟ್ಟಿಯ ಗಂಟುಗಳನ್ನು ಕಟ್ಟಿ ಕಳಿಸಿದರು. ಕಟಕಟಿ ಒಣಗಿದ ಜೋಳದ ರೊಟ್ಟಿಯು ತಿಂಗಳಾದರೂ ಕೆಡದೆಂಬುದು ಆ ಸೀಮೆಯ ಹೆಂಗಸರು ಯಾವ ವಿಪತ್ತಿಗೂ ಮೊದಲೇ ಮಾಡಿಟ್ಟ ಸಿದ್ಧತೆ.

ಅನಂತರ 'ಆಸರೆ' ಎಂಬ ಹೆಸರಿನ ಯೋಜನೆ ಬಂದಿತು. ನೂರಾರು ಊರುಗಳನ್ನು ಹೊಳೆಯ ಅಂಚಿನಿಂದ ಎತ್ತಿ ಬೇರೆಡೆ ಇಡಬೇಕೆಂಬ ಸಂಕಲ್ಪ. ಉದ್ಯಮಗಳೂ ಮಠಗಳೂ ದಾನಿಗಳೂ ಮನೆ ಕಟ್ಟಿಕೊಟ್ಟರು. ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಸಿಕ್ಕ ನೆಲವು ಅನೇಕ ಕಡೆ ಎರೆಯ ನೆಲ. ಅದರ ಮೇಲೆ ಕಿರಿದಾದ ಪಾಯ. ಎರಡು ಬೇಸಗೆ ಕಳೆಯುವಷ್ಟರಲ್ಲಿ ಗೋಡೆಗಳಲ್ಲಿ ಬಿರುಕು. ಸಾಲಾಗಿ ನಿಂತ ಎರಡು ಕೋಣೆಯ ಮನೆಗಳಲ್ಲಿ ದನದ ಹಕ್ಕೆಗೆ ಎಡೆಯಿಲ್ಲ, ಜೋಳದ ಚೀಲಕ್ಕೆ ಎಡೆಯಿಲ್ಲ, ಕಣಕಿಯ ಬಣವಿಗೆ ಹಿತ್ತಲಿಲ್ಲ. ಹೊಲ ಎರಡು ಮೂರು ಮೈಲಿ ದೂರ. ಕಾಂಕ್ರೀಟಿನ ತೆಳು ಛಾವಣಿಯ ಕೆಳಗೆ ವೈಶಾಖದ ಮಧ್ಯಾಹ್ನ ಕುಳಿತಿರಲಾಗದು. ಎತ್ತುಗಳಿಲ್ಲದ ಮನೆಗೆ ಹೋಗೆಂದು ಒಕ್ಕಲಿಗನಿಗೆ ಹೇಳುವುದು, ಪುಸ್ತಕವಿಲ್ಲದ ಮನೆಗೆ ಹೋಗೆಂದು ಪಂಡಿತನಿಗೆ ಹೇಳಿದಂತೆ. ಹಲವು ಊರುಗಳಲ್ಲಿ ಹೊಸ ಮನೆಗೆ ಬೀಗ ಹಾಕಿ ಹಳೆಯೂರಿನಲ್ಲಿಯೇ ಗೋಡೆ ಮೆತ್ತಿಕೊಂಡು ಇದ್ದರು. ಅಂಥವರ ಹಟಮಾರಿತನವನ್ನು ಕಚೇರಿಗಳು ದೂರಿದವು. ದೂರುವುದಕ್ಕೆ ಮುಂಚೆ, ಆ ಮನೆಯಲ್ಲಿ ಒಂದು ಬೇಸಗೆಯನ್ನೂ ಒಂದು ಸುಗ್ಗಿಯನ್ನೂ ಕಳೆದು ನೋಡಬಹುದಿತ್ತು.

2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಕಿರಿದಾಗಿದ್ದ ಪಾತ್ರವನ್ನು ಮೀರಿ ಹರಡಿ, ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನು ತುಂಬಿ, ದಡದ ಊರುಗಳನ್ನು ಮತ್ತೊಮ್ಮೆ ಎಬ್ಬಿಸಿತು. ಈ ಸಲ ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನು ಸರಕಾರ ಗೊತ್ತುಮಾಡಿ, ಕಟ್ಟಿಕೊಳ್ಳುವ ಹೊಣೆಯನ್ನು ಮನೆಯವರಿಗೇ ಬಿಟ್ಟಿತು. ಯಾವುದು ಪೂರ್ಣ, ಯಾವುದು ಭಾಗಶಃ ಎಂಬ ವ್ಯಾಜ್ಯ ಪಂಚಾಯಿತಿ ಕಟ್ಟೆಗಳಲ್ಲಿ ಬಹುಕಾಲ ನಡೆಯಿತು. ಅದರ ಕಥೆ ಬೇರೆ. ಆದರೆ ಹಣ ಕೈಗೆ ಬಂದ ಕಡೆ ಜನ ತಾವಾಗಿ ಕಟ್ಟಿದ್ದೇನೆಂಬುದನ್ನು ನೋಡಬೇಕು. ಮೊದಲು ಗರಸು ತುಂಬಿ, ಹಿಂದಿನ ನೀರು ನಿಂತ ಗುರುತಿಗಿಂತ ಮೇಲಕ್ಕೆ ಕಟ್ಟೆ ಏರಿಸುತ್ತಾರೆ. ಆಮೇಲೆ ಗೋಡೆಗೆ ಕೈ ಹಾಕುವ ಮುನ್ನ ಕಬ್ಬಿಣ ಸಿಮೆಂಟಿನ ಕಂಬಗಳನ್ನು ಎಬ್ಬಿಸುತ್ತಾರೆ. ಅವಕ್ಕೆ ಪಿಲ್ಲರ್ ಎನ್ನುತ್ತಾರೆ. ಅವುಗಳ ಮೇಲೆ ಛಾವಣಿ ಬಿದ್ದ ಮೇಲೆ, ಹಳೆಯ ಮನೆಯ ಕಲ್ಲುಗಳನ್ನೇ ಆರಿಸಿ ತಂದು ನಡುವೆ ಗೋಡೆ ಕಟ್ಟುತ್ತಾರೆ. ಮುಂದೆ ದನಕ್ಕೆ ತಗ್ಗಿನ ಅಂಗಳ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ಒಳಗೆ ಚೀಲ ಒಟ್ಟುವ ಕತ್ತಲೆ ಕೋಣೆ. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಹಳಬರು ಚದರ ಅಡಿಯನ್ನು ಹೇಳುವುದಿಲ್ಲ. ಆರು ಕಂಬ ಹಾಕಿದ್ದೇವೆ, ಎರಡು ಅಂಕಣವಾಗಿದೆ, ಮಗ ಗೋವೆಯಿಂದ ದುಡ್ಡು ಕಳಿಸಿದರೆ ಇನ್ನೆರಡು ಅಂಕಣ ಎತ್ತುತ್ತೇವೆ ಎನ್ನುತ್ತಾರೆ.